ಜೇಬಿನದು ಜೇಬಿಗೆ

ಮನುಷ್ಯನ ಯೋಗ್ಯತೆ ಮುಖದಲ್ಲೇ ಕಾಣುತ್ತದೆ ಎನ್ನುವವರು ಯಾರೂ ಅವನ ಪ್ಯಾಂಟಿನ ಜೇಬು ತಡಕಿ ನೋಡಿದವರಲ್ಲ. ಇಸ್ತ್ರಿ ಅಂಗಡಿಯ ಗರಿಗರಿ ಮಾವ ನೋಡಿದ್ದ. ಬೀದಿಯ ಹೆಚ್ಚುಕಡಿಮೆ ಎಲ್ಲರ ಜೇಬಿನೊಳಗೂ ಅವನ ಕೈ ಹೋಗಿ ಬಂದಿತ್ತು, ಅದೂ ಅವರವರ ಒಪ್ಪಿಗೆಯ ಮೇಲೆ. ಇಂಥ ಭಾಗ್ಯ ನುರಿತ ಜೇಬುಗಳ್ಳನಿಗೂ ಇಲ್ಲ.

ಗರಿಗರಿ ಎಂಬುದು ಬೀದಿ ಇಟ್ಟ ಹೆಸರು. ಸ್ವಂತ ಅಂಗಿಗೆ ಅವನು ಹಾಕುತ್ತಿದ್ದ ಗಂಜಿ ಎಷ್ಟೆಂದರೆ, ಅವನು ಸ್ಟೂಲಿನ ಮೇಲೆ ಕೂತಾಗ ಒಣಗಿದ ಎಲೆ ತುಳಿದ ಸದ್ದಾಗುತ್ತಿತ್ತು. ಬಗ್ಗಿ ನಮಸ್ಕಾರ ಮಾಡಬೇಕಾದ ಕಡೆ ಅವನು ಕತ್ತು ಮಾತ್ರ ಬಗ್ಗಿಸುತ್ತಿದ್ದ. ಅದು ಸೊಕ್ಕಲ್ಲ, ಬಟ್ಟೆ ಬಗ್ಗುತ್ತಿರಲಿಲ್ಲ.

ಅವನ ಅಂಗಡಿಗೆ ಎರಡು ನಿಯಮಗಳಿದ್ದವು. ಒಂದು, ಬಂದ ಗಂಟು ಅಂದೇ ಹೊರಗೆ. ಕತ್ತಲಾದ ಮೇಲೆ ಗಿರಾಕಿಯ ಒಂದು ಕರವಸ್ತ್ರ ಕೂಡ ಅಂಗಡಿಯಲ್ಲಿ ಉಳಿಯಬಾರದು. ಉಳಿದರೆ ಅದು ಕಸುಬಿಗೇ ಅವಮಾನ. ಎರಡನೆಯದು, ಜೇಬಿನದು ಜೇಬಿಗೆ. ಬಟ್ಟೆಯಲ್ಲಿ ಏನೇ ಸಿಕ್ಕಲಿ, ಅದನ್ನು ಗೋಡೆಯ ಹಲಗೆಯ ಮೇಲಿನ ಆಯಾ ಗಿರಾಕಿಯ ಪುಟ್ಟ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿಬಿಡುವುದು. ಗಿರಾಕಿ ಬಂದಾಗ ಅವನ ಅಂಗೈಗೆ ಡಬ್ಬಿ ಬೋರಲು ಹಾಕುವುದು. ಆ ಹೊತ್ತಿಗೆ ಮಾವನ ಕಣ್ಣು ತಪ್ಪದೆ ಚಾವಣಿಯ ಫ್ಯಾನಿನ ಮೇಲಿರುತ್ತಿತ್ತು. ಸಿಹಿ ಮುಟ್ಟಬೇಡಿ ಎಂದು ಊರಿಗೆಲ್ಲ ಗದರುವ ಹಲ್ಲಿನ ಡಾಕ್ಟರ ಜೇಬಿನಲ್ಲಿ ದಿನವೂ ಚಾಕೊಲೇಟಿನ ಕಾಗದ. ಹೆಂಡತಿಗೆ ಸಭೆ ಇದೆ ಎಂದು ಹೇಳಿ ಹೊರಟವರ ಜೇಬಿನಲ್ಲಿ ಸಿನಿಮಾ ಟಿಕೆಟ್ಟಿನ ತುಂಡು. ಮಾವ ಇದನ್ನೆಲ್ಲ ಸ್ವಂತ ಹೆಂಡತಿಗೂ ಹೇಳಿದವನಲ್ಲ. ಬೀದಿಯ ಅರ್ಧ ಸಂಸಾರಗಳು ನೆಟ್ಟಗೆ ನಿಂತಿದ್ದದ್ದು ಅವನ ಗಂಜಿಯಿಂದಲ್ಲ, ಅವನ ಮೌನದಿಂದ.

ಹೀಗಿರುವಾಗ ಅವನ ಕೈಗೆ ಫೋನು ಬಂತು.

ಮಗಳು ಹೊಸದು ಕೊಂಡು ಹಳೆಯದನ್ನು ಅಪ್ಪನಿಗೆ ದಾಟಿಸಿದ್ದಳು. ಬೀದಿಯ ಅಂಗಡಿಯವರೆಲ್ಲ ಸೇರಿ ಕಟ್ಟಿಕೊಂಡ ಗುಂಪೊಂದು ಆಗಲೇ ಇತ್ತು. ನೀರು ಯಾವಾಗ ನಿಲ್ಲುತ್ತದೆ, ಕರೆಂಟು ಯಾವಾಗ ಹೋಗುತ್ತದೆ ಎಂದು ಒಬ್ಬರಿಗೊಬ್ಬರು ತಿಳಿಸಲು ಕಟ್ಟಿದ್ದು. ಮಾವ ಸೇರಿದ ಮೇಲೆ ನೀರು ಕರೆಂಟು ಎರಡೂ ಅದರಲ್ಲಿ ಹುಡುಕಿದರೂ ಸಿಗಲಿಲ್ಲ. ಯಾಕೆಂದರೆ ಫೋನಿಗೆ ಬಂದದ್ದನ್ನು ಅವನು ಗಂಟೆಂದೇ ತಿಳಿದ. ಬಂದ ಗಂಟು ಅಂದೇ ಹೊರಗೆ. ಬೆಳಗ್ಗೆ ಬಂದ ಹೂವಿನ ಚಿತ್ರ, ಮೊಣಕಾಲು ನೋವಿಗೆ ಮದ್ದು, ನಾಳೆ ಭೂಮಿ ಅಲುಗುತ್ತದಂತೆ ಎಂಬ ಸುದ್ದಿ, ಬೆಕ್ಕು ಏಣಿಯಿಂದ ಬಿದ್ದ ವಿಡಿಯೋ, ಎಲ್ಲವನ್ನೂ ಸಂಜೆಯೊಳಗೆ ಮನೆಮನೆಗೆ ಮುಟ್ಟಿಸಿ, ಫೋನು ಖಾಲಿಯಾಯಿತೆಂದು ನಿಟ್ಟುಸಿರು ಬಿಟ್ಟು ಬಾಗಿಲು ಹಾಕುತ್ತಿದ್ದ. ಬಟ್ಟೆಯನ್ನಾದರೆ ಕಲೆ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದ. ಇದನ್ನು ಅಷ್ಟೂ ನೋಡುತ್ತಿರಲಿಲ್ಲ.

ಎದುರುಗಡೆ ಬೀಗದಂಗಡಿ. ಅದರ ಯಜಮಾನ ಬೀಗದವನು ಮಾವನಿಗೆ ಮೂಗು ಸೋರುವ ಕಾಲದ ಗೆಳೆಯ. ಬೆಳಗಿನ ಚಹಾ ಇಬ್ಬರದೂ ಒಟ್ಟಿಗೆ, ಇಸ್ತ್ರಿ ಮೇಜಿನ ಮೂಲೆಯಲ್ಲೇ. ಬೀಗದವನ ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಅವಳು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತ ಹಾಡುತ್ತಿದ್ದರೆ ಕೆಳಗೆ ಬೀದಿಯಲ್ಲಿ ಚೌಕಾಶಿ ನಿಲ್ಲುತ್ತಿತ್ತು. ಬೀದಿಯಲ್ಲಿ ಚೌಕಾಶಿ ನಿಲ್ಲುವುದು ಸಣ್ಣ ಮಾತಲ್ಲ.

ಒಂದು ಬೆಳಗ್ಗೆ ಬೇರೆ ಊರಿನಲ್ಲಿರುವ ಮಗಳ ಮನೆಯಿಂದ ಬೀಗದವನಿಗೆ ಅಪ್ಪಣೆ ಬಂತು: ಮಗು ನಿದ್ದೆ ಮಾಡುತ್ತಿಲ್ಲ, ನೀನೊಂದು ಹಾಡು ಹಾಡಿ ಕಳಿಸು, ತಾತನ ದನಿ ಕೇಳಿದರೆ ಮಲಗಬಹುದು. ಬೀಗದವನ ದನಿಯೆಂದರೆ ತುಕ್ಕು ಹಿಡಿದ ಕದ. ಆದರೂ ಅಂಗಡಿಯ ಹಿಂದಿನ ಕೋಣೆಗೆ ಹೋಗಿ ತಾನೇ ಕಟ್ಟಿದ ಜೋಗುಳವೊಂದನ್ನು ಫೋನಿಗೆ ಹಾಡಿದ. ಮಗಳಿಗೆ ಕಳಿಸುವ ಮೊದಲು ಒಮ್ಮೆ ಗೆಳೆಯನಿಗೆ ಕೇಳಿಸೋಣವೆಂದು ಮಾವನಿಗೆ ಕಳಿಸಿ, ಕೆಳಗೆ ಬರೆದ: "ಕೇಳಿ ಹೇಳು. ಮಗು ಹೆದರಲ್ಲ ತಾನೇ?"

ಮಾವ ಒಂದು ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದೇ ಕೇಳಿದ.

"ಕಣ್ಣಿನ ಬಾಗಿಲು ಹಾಕು ಕಂದ,
ಚಿಲಕ ಇಕ್ಕು ಮೆಲ್ಲಗೆ,
ಕೀಲಿ ತಾತನ ಜೇಬಲ್ಲಿದೆ..."

ಅಷ್ಟರಲ್ಲೇ ಮಾವನಿಗೆ ನಗು ಒತ್ತಿಕೊಂಡು ಬಂತು. ಗಂಜಿ ಬಟ್ಟೆಯಲ್ಲಿ ನಗುವುದು ಕಷ್ಟ. ಅಂಗಿಯೇ ಚಟಚಟ ಎಂದಿತು. ಹಾಡು ಇನ್ನೂ ಸಾಗುತ್ತಿರುವಾಗಲೇ ನಿಲ್ಲಿಸಿ, "ನಮ್ಮ ಬೀದಿಯ ಕೋಗಿಲೆ! ಕೇಳೋ ಮೊದಲು ಕಿವಿಗೆ ಎಣ್ಣೆ ಬಿಟ್ಕೊಳ್ಳಿ" ಎಂದು ಬರೆದು, ಸಾಲಾಗಿ ನಗುವ ಮುಖಗಳನ್ನು ಪೋಣಿಸಿ, ಗುಂಪಿಗೆ ದಾಟಿಸಿದ. ಗಂಟು ಮುಟ್ಟಿಸಿದ ಸಮಾಧಾನದಲ್ಲಿ ಮುಂದಿನ ಅಂಗಿಯ ಕಾಲರು ಬಿಡಿಸಿದ.

ಮಧ್ಯಾಹ್ನದೊಳಗೆ ಹಾಡು ಬೀದಿ ತುಂಬ ಸುತ್ತಿತು. ಡ್ರಾಯರಿನ ಬೀಗಕ್ಕೆಂದು ಬಂದ ಗಿರಾಕಿ ಕೇಳಿದ, "ಅಣ್ಣಾ, ಇದರ ಕೀಲಿ ಇಲ್ಲೇ ಇದೆಯಾ, ಇಲ್ಲ ತಾತನ ಜೇಬಲ್ಲಿದೆಯಾ?" ಇನ್ನೊಬ್ಬ ಸೈಕಲ್ ನಿಲ್ಲಿಸದೆಯೇ "ಚಿಲಕ ಇಕ್ಕು ಮೆಲ್ಲಗೆ" ಎಂದು ರಾಗ ಎಳೆದು ಹೋದ. ಬೀಗದವನು ಅಂಗಡಿಯ ಷಟರನ್ನು ಅರ್ಧ ಎಳೆದು ಒಳಗೆ ಕೂತ.

ಮಾರನೆಯ ಬೆಳಗ್ಗೆ ಚಹಾ ತಣ್ಣಗಾಯಿತು, ಬೀಗದವನು ಬರಲಿಲ್ಲ. ಅದರ ಮಾರನೆಯ ದಿನ ಬಂದ, ಆದರೆ ಅಂಗಡಿಗಲ್ಲ, ಅಂಗಡಿಯ ಮುಂದಿನಿಂದ. ಕಂಕುಳಲ್ಲಿ ಬಟ್ಟೆಯ ಗಂಟು. ಬೀದಿಯ ಕೊನೆಯಲ್ಲಿ ಹೊಸದಾಗಿ ತೆರೆದಿದ್ದ ಮೆಷಿನ್ ಲಾಂಡ್ರಿಯ ದಿಕ್ಕಿಗೆ ಹೊರಟಿದ್ದ. ಅವಸರವಿಲ್ಲ. ಮದುವೆ ಮೆರವಣಿಗೆಯೂ ಅಷ್ಟು ನಿಧಾನವಾಗಿ ಹೋಗದು.

"ಲೋ! ಎಲ್ಲಿಗೋ ಗಂಟು?" ಮಾವ ಕೂಗಿದ.

ಬೀಗದವನು ಗಂಟನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಾಯಿಸಿ, ಅಂಗಡಿಯ ಕಡೆಗೆ ಚೆನ್ನಾಗಿ ಕಾಣುವಂತೆ ಮಾಡಿಕೊಂಡು, ನಡೆದ.

ಒಳಗಿನಿಂದ ಮಾವನ ಹೆಂಡತಿ ನೋಡುತ್ತಿದ್ದಳು. "ಏನ್ರೀ ಮಾಡಿದ್ರಿ ಅವ್ರಿಗೆ?"

"ನಾನೇನ್ ಮಾಡ್ದೆ? ನಾಲ್ಕು ಜನ ನಗ್ಲಿ ಅಂತ ಒಂದು ಹಾಡು ದಾಟಿಸ್ದೆ. ತಮಾಷೆ ಅಂದ್ರೆ ಅವನಿಗೆ ಆಗಲ್ಲ ಅಂದ್ರೆ ನಾನೇನ್ ಮಾಡ್ಲಿ?"

"ಪೂರ್ತಿ ಕೇಳಿದ್ರಾ?"

"ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಕು ಕಣೇ, ಪಾತ್ರೆ ಖಾಲಿ ಮಾಡ್ಬೇಕಾ?"

"ಕೊಡಿ ಇಲ್ಲಿ," ಎಂದು ಅವಳು ಫೋನು ಕಿತ್ತುಕೊಂಡು, ಮೇಜಿನ ಮೇಲಿಟ್ಟು, ಹಾಡು ಹಾಕಿದಳು. ಮಾವ ಡಾಕ್ಟರ ಬಿಳಿ ಅಂಗಿಯ ಬೆನ್ನಿಗೆ ಪೆಟ್ಟಿಗೆ ಒತ್ತುತ್ತ ಕೇಳಿದ. ಕೀಲಿ ತಾತನ ಜೇಬಿಗೆ ಹೋಯಿತು, ಬೆಳಗಾಯಿತು, ಬಾಗಿಲು ತೆರೆಯಿತು, ಹಾಡು ಮುಗಿಯಿತು. ಆದರೆ ಬೀಗದವನಿಗೆ ಫೋನು ನಿಲ್ಲಿಸುವುದು ಹೊಳೆದಿರಲಿಲ್ಲ. ಏನೋ ಕೆಳಗಿಟ್ಟ ಸದ್ದು. ಒಂದು ಕೆಮ್ಮು. ಆಮೇಲೆ, ಯಾರೂ ಇಲ್ಲದ ಕೋಣೆಯಲ್ಲಿ ಆಡುವ ದನಿಯಲ್ಲಿ:

"ನೀನಿದ್ದಿದ್ರೆ ನನ್ನ ಕೈಲಿ ಹಾಡಿಸ್ತಿದ್ಯೇನೇ? ಮಗು ನಿನ್ನ ದನಿ ಕೇಳ್ಲೇ ಇಲ್ಲ ನೋಡು. ಅದರ ಪಾಲಿಗೆ ಈ ಕಿರುಗುಟ್ಟೋ ಕದವೇ ಗತಿ."

ಮಾವ ಅಲುಗಲಿಲ್ಲ. ಅವನ ಕೈಯೂ ಅಲುಗಲಿಲ್ಲ. ಸುಟ್ಟ ವಾಸನೆ ಬಂದಾಗ ಹೆಂಡತಿಯೇ ಪೆಟ್ಟಿಗೆ ಎತ್ತಿದಳು. ಡಾಕ್ಟರ ಅಂಗಿಯ ಬೆನ್ನ ಮೇಲೆ ಕಂದು ಬಣ್ಣದ ಪೆಟ್ಟಿಗೆಯೊಂದು ಅಚ್ಚಾಗಿ ಮೂಡಿತ್ತು. ಕಸುಬಿಗೆ ಇಳಿದಂದಿನಿಂದ ಮಾವ ಸುಟ್ಟ ಮೊದಲ ಅಂಗಿ.

"ಜೇಬಿನದು ಜೇಬಿಗೆ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ರಲ್ಲ," ಎಂದಳು ಹೆಂಡತಿ, ದನಿ ಏರಿಸದೆ. "ಇದು ಯಾರ ಜೇಬಲ್ಲಿತ್ತು ರೀ?"

ಮಾವ ಮೊದಲು ತನ್ನ ಫೋನಿನಿಂದ ಹಾಡನ್ನು ಅಳಿಸಿದ. ಎಲ್ಲರ ಫೋನಿನಿಂದಲೂ ಅಳಿಸಲು ನೋಡಿದರೆ, ಹೊತ್ತು ಮೀರಿದೆ ಎಂದು ಫೋನು ಕೈಚೆಲ್ಲಿಬಿಟ್ಟಿತು. ಆಮೇಲೆ ಗುಂಪಿನಲ್ಲಿ ಬರೆದ: "ಆ ಹಾಡನ್ನು ದಯವಿಟ್ಟು ಎಲ್ಲರೂ ಅಳಿಸಿಬಿಡಿ." ಉತ್ತರವಾಗಿ ಒಂದಿಷ್ಟು ನಗುವ ಮುಖಗಳು ಬಂದವು. ಅದುವರೆಗೂ ಕೇಳಿರದ ಇಬ್ಬರು, "ಯಾವ ಹಾಡು ಮಾವ? ಇನ್ನೊಂದ್ಸಲ ಕಳಿಸಿ" ಎಂದು ಬರೆದರು.

ಆಗ ಅವನಿಗೆ ಕಸುಬಿನ ಹಳೆಯ ದಾರಿ ನೆನಪಾಯಿತು. ಗಂಟು ತಪ್ಪಿ ಬೇರೆ ಮನೆಗೆ ಹೋದರೆ ಯಾರನ್ನೋ ಕಳಿಸಿ ತರಿಸುವಂತಿಲ್ಲ. ಯಾರು ತಪ್ಪಿ ಕೊಟ್ಟರೋ ಅವರೇ ಕಾಲ್ನಡಿಗೆಯಲ್ಲಿ ಹೋಗಬೇಕು. 'ನಿಮ್ಮ ಬಟ್ಟೆ ಅಲ್ಲ ಅಂತ ಗೊತ್ತಾಗಲಿಲ್ವಾ' ಎಂದು ಕೇಳುವಂತಿಲ್ಲ; 'ನನ್ನ ಕೈತಪ್ಪು' ಎನ್ನಬೇಕು. ಕೊಡುವವರೆಗೆ ಹೊಸ್ತಿಲಲ್ಲಿ ನಿಂತಿರಬೇಕು. ಮಾವ ಗಂಜಿ ಹಾಕಿದ ಹೊಸ ಅಂಗಿ ತೊಟ್ಟು, ಚಟಚಟನೆ ಬೀದಿಗಿಳಿದ.

ಮೊದಲು ಬೇಕರಿ. ಒಳಗೆ ಹಿಟ್ಟು ನಾದುವ ಮೇಜಿನ ಮೇಲೆ ಫೋನು ನಿಲ್ಲಿಸಿ, ಬೇಕರಿಯವನು ಅದೇ ಜೋಗುಳ ಹಾಕಿಕೊಂಡು ತಾಳಕ್ಕೆ ಸರಿಯಾಗಿ ಹಿಟ್ಟು ಗುದ್ದುತ್ತಿದ್ದ.

"ಅಳಿಸಪ್ಪ ಅದನ್ನ."

"ಅಯ್ಯೋ ಮಾವ, ಬೇರೆ ಏನಾದ್ರೂ ಕೇಳಿ! ಈ ಹಾಡಿಗೆ ಹಿಟ್ಟು ಎಷ್ಟು ಚೆನ್ನಾಗಿ ಮಲಗುತ್ತೆ ಗೊತ್ತಾ?"

"ನನ್ನ ಕೈತಪ್ಪು. ನಿನಗೆ ಬರಬೇಕಾದ್ದಲ್ಲ ಅದು."

"ಬಂದಿದೆಯಲ್ಲ!"

ಮಾವ ಹೊಸ್ತಿಲಲ್ಲಿ ನಿಂತ. ಗಿರಾಕಿಗಳು ಅವನನ್ನು ಬಳಸಿಕೊಂಡು ಒಳಗೆ ಹೋಗಿಬರಬೇಕಾಯಿತು. ಗಂಜಿಯ ಅಂಗಿ ಯಾರಿಗೂ ಜಾಗ ಬಿಡಲಿಲ್ಲ. ಬೇಕರಿಯವನು ಒಂದು ತಟ್ಟೆ ಬ್ರೆಡ್ಡು ಒಲೆಗಿಟ್ಟು ತಿರುಗಿ ನೋಡಿದ, ಮಾವ ಇದ್ದ. ತಟ್ಟೆ ಹೊರತೆಗೆದು ನೋಡಿದ, ಇದ್ದ. ಕೊನೆಗೆ ಮಾವ ಮೆಲ್ಲಗೆ ಕೇಳಿದ, "ನಿನ್ನ ಜೇಬಲ್ಲಿ ಸಿಕ್ಕಿದ್ದನ್ನ ನಾನು ಎಂದಾದ್ರೂ ಯಾರಿಗಾದ್ರೂ ತೋರಿಸಿದೀನಾ?"

ಬೇಕರಿಯವನ ಕೈ ಹಿಟ್ಟಿನಲ್ಲೇ ನಿಂತಿತು. ಎದುರಿನ ಬೇಕರಿಯಿಂದ ಕದ್ದುಮುಚ್ಚಿ ತಾನು ಕೊಂಡು ತಿನ್ನುವ ಕೇಕಿನ ಚೀಟಿ ಅವನ ಕಣ್ಣ ಮುಂದೆ ಬಂದಿರಬೇಕು. ಹಿಟ್ಟಿನ ಬೆರಳಲ್ಲೇ ಅಳಿಸಿದ. ಇದು ಬೆದರಿಕೆಯೋ ವಿನಂತಿಯೋ ಎಂದು ಮಾವನಿಗೂ ಸರಿಯಾಗಿ ಗೊತ್ತಿರಲಿಲ್ಲ. ವ್ಯಾಪಾರದಲ್ಲಿ ಎರಡಕ್ಕೂ ಒಂದೇ ತೂಕದ ಕಲ್ಲು.

ಆ ಮಾತು ಚೆನ್ನಾಗಿ ಓಡುತ್ತದೆಂದು ಕಂಡ ಮಾವ ಅದನ್ನೇ ಬಣ್ಣದಂಗಡಿಯಲ್ಲೂ ಆಡಿದ, ಹಲ್ಲಿನ ಡಾಕ್ಟರ ಬಳಿಯೂ ಆಡಿದ. ಡಾಕ್ಟರಂತೂ ಸುಟ್ಟ ಅಂಗಿಯ ವಿಷಯ ಎತ್ತುವುದನ್ನೇ ಮರೆತು ಹಾಡು ಅಳಿಸಿದರು. ಆಮೇಲೆ ನೆನಪಾಗಿ ಅಂಗಿಗೂ ಸೇರಿಸಿ ಬೈದರು. ಮಾವ ಎರಡನ್ನೂ ಕತ್ತು ಬಗ್ಗಿಸಿ ಕೇಳಿಸಿಕೊಂಡ.

ಕನ್ನಡಕದಂಗಡಿಯಲ್ಲಿ ಮಾತ್ರ ಕೆಲಸ ಕೆಟ್ಟಿತು. ಅಲ್ಲಿಯ ಅಕ್ಕ ಒಂದು ಗಾಜನ್ನು ಒರೆಸುತ್ತ, ಕನ್ನಡಕದ ಮೇಲಿನಿಂದ ಅವನನ್ನು ನೋಡಿದಳು.

"ನನ್ನ ಜೇಬಲ್ಲಿ ಏನೂ ಇರಲ್ಲ ಮಾವ, ಹೆದರಿಸ್ಬೇಡಿ. ಅಳಿಸ್ತೀನಿ. ಆದ್ರೆ ನಾನು ಅದನ್ನ ತಂಗಿಗೆ ಕಳಿಸಿದೀನಲ್ಲ?"

"ತಂಗಿಗೆ ಹೇಳಿ ಅಳಿಸು ಅಂತ."

"ಅವಳು ಅವಳ ನಾದಿನಿಗೆ ಕಳಿಸಿದ್ದಾಳೆ. ನಾದಿನಿ ಆಫೀಸಲ್ಲಿ ಎಲ್ರಿಗೂ ಕೇಳ್ಸಿದ್ದಾಳೆ." ಅಕ್ಕ ಗಾಜನ್ನು ಬೆಳಕಿಗೆ ಹಿಡಿದಳು. "ಕಳಿಸೋವಾಗ ಒಂದು ಬೆರಳು ಸಾಕಾಗಿತ್ತು ನಿಮಗೆ. ವಾಪಸ್ ತರೋಕೆ ಎಷ್ಟು ಕಾಲು ಇದೆ?"

ಆದರೂ ಒಳ್ಳೆಯವಳು, ತಂಗಿಗೆ ಫೋನು ಮಾಡಿದಳು. ತಂಗಿ "ಅಳಿಸಿಬಿಟ್ಟೆ ಅಕ್ಕ, ಈಗಷ್ಟೇ" ಎಂದಳು. ಅವಳ ಮಾತಿನ ಹಿಂದೆ, ಅದೇ ಮನೆಯ ಯಾವುದೋ ಮೂಲೆಯಿಂದ, ಕೀಲಿ ತಾತನ ಜೇಬಿಗೆ ಹೋಗುತ್ತಿರುವುದು ಸ್ಪಷ್ಟವಾಗಿ ಕೇಳಿಸಿತು.

ಸಂಜೆ ಮಾವ ಬೀಗದಂಗಡಿಯ ಅರ್ಧ ಷಟರಿನ ಕೆಳಗೆ ನಿಂತ. ಒಳಗೆ ಹೋಗಬೇಕಾದರೆ ಬಗ್ಗಬೇಕು. ಬಗ್ಗಿದ. ಅಂಗಿ ಬೆನ್ನಿನುದ್ದಕ್ಕೂ ಮುರಿದ ಸದ್ದಾಯಿತು. ಬೀಗದವನು ಒಂದು ಕೀಲಿಗೆ ಅರ ಉಜ್ಜುತ್ತಿದ್ದ, ತಲೆ ಎತ್ತಲಿಲ್ಲ.

"ಬೀದೀಲಿ ಎಲ್ಲರ ಹತ್ರ ಅಳಿಸಿ ಬಂದೆ," ಎಂದ ಮಾವ. "ಬೀದಿ ದಾಟಿ ಹೋಗಿದ್ದು ಮಾತ್ರ ಕೈಗೆ ಸಿಗ್ಲಿಲ್ಲ. ಸಿಕ್ತು ಅಂತ ಸುಳ್ಳು ಹೇಳಲ್ಲ."

ಅರ ಉಜ್ಜಿತು.

"ಕೊನೇವರೆಗೂ ಕೇಳಿದ್ಯಾ?" ಎಂದ ಬೀಗದವನು.

"ಕೇಳ್ದೆ." ಮಾವ ಸೇರಿಸಿದ, "ಕಳಿಸಿದ ಮೇಲೆ."

ಅರ ಮತ್ತೆ ಉಜ್ಜಿತು. "ಹೋಗು. ನಿನ್ನ ಅಂಗಡಿ ಮುಂದೆ ಯಾರೋ ನಿಂತಿದ್ದಾರೆ."

ಯಾರೂ ನಿಂತಿರಲಿಲ್ಲ. ಮಾವ ಅದನ್ನು ತಿಳಿದೇ ಹೋದ.

ಒಂದಷ್ಟು ದಿನ ಹಾಗೇ ಕಳೆಯಿತು. ಮಾವ ಗುಂಪಿಗೆ ಏನನ್ನೂ ಹಾಕಲಿಲ್ಲ. ಫೋನಿಗೆ ಬಂದದ್ದು ಅಲ್ಲೇ ರಾಶಿ ಬಿತ್ತು. ಸಂಜೆ ಬಾಗಿಲು ಹಾಕುವಾಗ ಅಂಗಡಿಯಲ್ಲಿ ಯಾರದೋ ಒಗೆದ ಬಟ್ಟೆ ಬಿಟ್ಟುಹೋದಂತೆ ಅವನಿಗೆ ಕಸಿವಿಸಿ. ಬೆಳಗ್ಗೆ ಎರಡು ಲೋಟ ಚಹಾ ತರಿಸಿ ಒಂದನ್ನು ಕುಡಿಯುತ್ತಿದ್ದ. ಇನ್ನೊಂದನ್ನು ಹೆಂಡತಿ, "ನನಗೆ ತಣ್ಣಗಿರೋದೇ ಇಷ್ಟ" ಎಂದು ಕುಡಿಯುತ್ತಿದ್ದಳು. ಅವಳಿಗೆ ತಣ್ಣನೆಯ ಚಹಾ ಎಂದರೆ ಆಗದು.

ಆಮೇಲೊಂದು ಬೆಳಗ್ಗೆ ಮೇಜಿನ ಮೇಲೆ ಧೊಪ್ಪನೆ ಗಂಟು ಬಿತ್ತು.

"ನಿನ್ನ ಮೇಲಿನ ಪ್ರೀತಿಗೆ ಬಂದಿಲ್ಲ," ಎಂದ ಬೀಗದವನು. "ಅಲ್ಲಿನ ಮೆಷಿನ್ನು ಗುಂಡಿ ತಿನ್ನುತ್ತೆ. ಸಂಜೆ ಬರ್ತೀನಿ." ಚಹಾದ ಕಡೆಗೆ ಕಣ್ಣು ಹಾಯಿಸಿದ, ಮುಟ್ಟದೆ ಹೋದ.

ಮಾವ ಗಂಟು ಬಿಚ್ಚಿದ. ಬೂದಿ ಬಣ್ಣದ ಅಂಗಿಯ ಎದೆಯ ಜೇಬು ಭಾರವಾಗಿತ್ತು. ಕೈ ಹಾಕಿದರೆ ಕರವಸ್ತ್ರದಲ್ಲಿ ಸುತ್ತಿ ಗಂಟು ಹಾಕಿದ ಒಂದು ಫೋನು.

ಅವನ ಡಬ್ಬಿಗಳೆಲ್ಲ ಫೋನು ಹುಟ್ಟುವ ಮೊದಲಿನವು, ಯಾವುದರಲ್ಲೂ ಹಿಡಿಸಲಿಲ್ಲ. ಹೆಂಡತಿಯ ಬಿಸ್ಕತ್ತಿನ ಡಬ್ಬಿ ಖಾಲಿ ಮಾಡಿ ಅದರೊಳಗೆ ಇಟ್ಟ. ಇಟ್ಟದ್ದೇ ತಡ, ಒಳಗೆ ಫೋನು ಗುಂಯ್ ಎಂದಿತು. ನಿಂತಿತು. ಎರಡು ಅಂಗಿ ಆಗುವಷ್ಟರಲ್ಲಿ ಮತ್ತೆ ಗುಂಯ್. ತಗಡಿನ ಡಬ್ಬಿಯೊಳಗೆ ಕಣಜ ಸಿಕ್ಕಿಕೊಂಡ ಹಾಗೆ ಇಡೀ ದಿನ ಅದೇ ಪಾಡು. ಯಾರು ಕರೆಯುತ್ತಿದ್ದಾರೆ? ಮಗಳೇ? ಮಗುವಿಗೇನಾದರೂ? ಅಥವಾ ಯಾರೋ ಇವನಿಗೆ ಹಾಡು ಕೇಳಿಸಿ ನಗುತ್ತಿದ್ದಾರೆಯೇ? ಅದರಲ್ಲಿ ತನ್ನ ಬಗ್ಗೆ ಏನು ಬರೆದಿಟ್ಟಿದ್ದಾನೋ? ಒಂದು ಗಂಟು ಸಡಿಲಿಸಿ ನೋಡಿದರೆ ಯಾರಿಗೆ ತಿಳಿಯುತ್ತದೆ? ಮಾವನ ಬೆರಳು ಎರಡು ಸಲ ಡಬ್ಬಿಯ ಮುಚ್ಚಳದವರೆಗೆ ಹೋಗಿ ಬಂತು. ಕೊನೆಗೆ ಮಗುವಿನ ಯೋಚನೆ ತಡೆಯಲಾರದೆ ಹೆಂಡತಿಯನ್ನು ಬೀಗದಂಗಡಿಗೆ ಅಟ್ಟಿದ.

ಅವಳು ರಸ್ತೆ ದಾಟಿ ಹೋಗಿ ಹೇಳಿ ಬಂದಳು. "ಫೋನು ಹೊಡ್ಕೋತಿದೆ ಅಂದೆ. 'ಹೊಡ್ಕೊಳ್ಳಿ ಬಿಡಿ ತಂಗಿ' ಅಂದ್ರು. ಏನೋ ಮುಸಿಮುಸಿ ನಗ್ತಿದ್ರು ರೀ."

ಸಂಜೆ ಬೀಗದವನು ಬಂದ. ಮಾವ ಮಡಚಿದ ಬಟ್ಟೆ ಮುಂದಿಟ್ಟು, ಬಿಸ್ಕತ್ತಿನ ಡಬ್ಬಿಯನ್ನು ಅವನ ಅಂಗೈಗೆ ಬೋರಲು ಹಾಕಿ, ಚಾವಣಿಯ ಫ್ಯಾನನ್ನು ನೋಡಿದ. ಬೀಗದವನು ಜೇಬಿನಿಂದ ಕೆಲಸದ ಭೂತಗನ್ನಡಿ ತೆಗೆದು ಕಣ್ಣಿಗೇರಿಸಿ, ಕರವಸ್ತ್ರದ ಗಂಟನ್ನು ಮೇಲಿನಿಂದ, ಕೆಳಗಿನಿಂದ, ಪಕ್ಕದಿಂದ ನೋಡಿದ. ಕಳ್ಳ ಮುಟ್ಟಿದ ಬೀಗವನ್ನು ನೋಡುವ ಹಾಗೆ.

"ನಾನು ಹಾಕಿದ ಗಂಟೇ," ಎಂದ ಕೊನೆಗೆ, ಸ್ವಲ್ಪ ಬೇಸರವಾದವನಂತೆ.

"ಮತ್ತೆ? ನಿನ್ನ ಫೋನು ಬೆಳಗ್ಗೆಯಿಂದ ಪ್ರಾಣ ತಿಂತು ನಂದು. ಯಾರು ಅಷ್ಟೊಂದು ಮಾಡೋರು?"

"ನಾನೇ. ಅಂಗಡಿಯ ಟೆಲಿಫೋನಿಂದ." ಬೀಗದವನ ಮುಖ ಈಗ ಪೂರ್ತಿ ಬಿಚ್ಚಿಕೊಂಡಿತು. "ಷಟರ್ ಸಂದೀಲಿ ನೋಡ್ತಾ ಕೂತಿದ್ದೆ. ಪ್ರತಿ ಸಲ ನೀನು ಕೋತಿ ಹಾಗೆ ನೆಗೀತಿದ್ದೆ! ಇವತ್ತು ನಾನು ಒಂದು ಕೀಲಿ ಮಾಡಿಲ್ಲ ಕಣೋ."

ಮಾವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

"ಒಂದು ನೂಲು ಅಲುಗಿದ್ರೂ ಇದನ್ನ ಗುಂಪಿಗೆ ಹಾಕೋನಿದ್ದೆ," ಎಂದು ಬೀಗದವನು ಗಂಟು ಬಿಚ್ಚಿ, ಫೋನನ್ನು ಮಾವನ ಕಿವಿಗೆ ಒತ್ತಿದ. ಅದೇ ತುಕ್ಕು ಹಿಡಿದ ಕದ, ಹೊಸ ಹಾಡು:

"ಊರ ಬಟ್ಟೆಗೆ ಗೆರೆಯ ಎಳೆದವ
ತನ್ನ ಬೆರಳನು ಮಡಚಲಿಲ್ಲ,
ಡಾಕ್ಟ್ರ ಬೆನ್ನಿಗೆ ಬರೆಯ ಇಟ್ಟವ
ಹಲ್ಲು ಕೀಳಿಸಿಕೊಳ್ಳಲಿಲ್ಲ..."

ಮಾವ ನಕ್ಕ. ಅಂಗಿಯ ಎದೆಯ ಮೇಲೆ ಗಂಜಿ ಬಿರುಕು ಬಿಡುವಷ್ಟು ನಕ್ಕ. ಹಾಡನ್ನು ಕೊನೆಯವರೆಗೂ ಕೇಳಿದ. ಮುಗಿದ ಮೇಲೂ ಇನ್ನೇನಾದರೂ ಇದೆಯೇ ಎಂದು ಕಾದು ಕೇಳಿದ. ಇರಲಿಲ್ಲ. ಆಗ ಅವನ ಬಲಗೈಯ ಬೆರಳು ತಾನಾಗಿಯೇ ತುರಿಸತೊಡಗಿತು.

"ಲೋ... ಇದನ್ನ ಗುಂಪಿಗೆ ಹಾಕ್ಲಾ? ನನ್ನ ಮೇಲಿನ ಹಾಡು ತಾನೇ?"

"ಹಾಡು ನಿನ್ನ ಮೇಲೆ. ದನಿ ನಂದು. ಬೇಡ."

"ಬೇಕರಿಯವನೊಬ್ಬನಿಗೆ?"

"ಬೇಡ."

"ಸರಿ," ಎಂದು ಮಾವ ಬೆರಳನ್ನು ಮಡಚಿಕೊಂಡ. ಅದು ಅವನ ಬದುಕಿನ ಕಷ್ಟದ ಮಡಿಕೆಗಳಲ್ಲಿ ಒಂದು.

ಬೀಗದವನು ಬಟ್ಟೆ ಎತ್ತಿಕೊಂಡ. ಹೊಸ್ತಿಲು ದಾಟುವ ಮೊದಲು ತಿರುಗಿ, ಮೇಜಿನ ಮೇಲೆ ಬಗ್ಗಿ, ಮಾವನಿಗೆ ಮಾತ್ರ ಕೇಳುವಂತೆ ಏನೋ ಹೇಳಿದ. ಕೊನೆಗೂ ಮಗಳಿಗೆ ಕಳಿಸಿದ ಆ ಜೋಗುಳಕ್ಕೆ ಮಗು ಮಲಗಿತಂತೆ. ಹೆದರಲಿಲ್ಲವಂತೆ. ಈಗ ಅದೇ ಹಾಡು ಬೇಕೆಂದು ಅಳುತ್ತದಂತೆ, ಕೊನೆಯ ಮಾತಿನ ಸಮೇತ. ಹೇಳುವಾಗ ಬೀಗದವನ ಕಣ್ಣು ತುಂಬಿತ್ತು. ಮಾವ ಫ್ಯಾನನ್ನು ನೋಡಿದ.

ಅವನು ಹೋದ ಮೇಲೆ ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಏನಂದ್ರು ರೀ, ಅಷ್ಟು ಗುಟ್ಟಾಗಿ?"

"ಒಂದು ಗುಂಡಿ ಹೋಗಿದೆಯಂತೆ," ಎಂದ ಮಾವ. "ನಾಳೆ ಎರಡು ಚಹಾ ಬಿಸಿಯಾಗಿರ್ಲಿ. ನಿನಗೆ ಬೇಕಾದ್ರೆ ಮೂರನೇದು ತರಿಸ್ಕೋ."